ಸಂತೆಗೆ ಹೋಗುವವರು, ಗೋದಲಿಗೆ ಹೋಗುವವರು



ಯೂರೋಪಿನ ನದಿಗಳ ಮೇಲೆ ಹಡಗಿನಲ್ಲಿ ಪಯಣಿಸುತ್ತಾ ಊರೂರಿನ ಕ್ರಿಸ್‌ಮಸ್ ಸಂತೆಗಳನ್ನು ನೋಡಿಬರುವುದು ಈಗ ನಮ್ಮ ಕುಟುಂಬಗಳಿಗೂ ತೀರ ದೂರದ ಕನಸಾಗಿ ಉಳಿದಿಲ್ಲ. ಹೊರದೇಶದಲ್ಲಿ ನೆಲೆಸಿದ ಮಕ್ಕಳು ತಂದೆತಾಯಿಯರಿಗಾಗಿ ಇಂತಹ ಪ್ರವಾಸವನ್ನು ಏರ್ಪಡಿಸುತ್ತಾರೆ. ನಿವೃತ್ತರಾದ ದಂಪತಿಗಳು ತಾವೇ ಕೂಡಿಟ್ಟ ಹಣದಲ್ಲಿ ಹೊರಡುತ್ತಾರೆ. ಆದರೆ ಹೊರಡುವ ಮುನ್ನ ಅನೇಕರ ಮನಸ್ಸಿನಲ್ಲಿ ಒಂದು ಮುಳ್ಳು ಆಡುತ್ತದೆ. ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬದ ಹೆಸರಿನಲ್ಲಿ ಇಷ್ಟೊಂದು ಹಣವನ್ನು ನಮ್ಮ ಸಂತೋಷಕ್ಕಾಗಿ ವ್ಯಯಿಸುವುದು ಸರಿಯೇ? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಬೇಡ. ಅದಕ್ಕೆ ಅಂಜಿ ಟಿಕೆಟ್ಟನ್ನು ಹರಿದುಹಾಕುವುದೂ ಬೇಡ. ಶಾಂತಚಿತ್ತದಿಂದ ವಿಚಾರ ಮಾಡೋಣ.

ರೈನ್ ನದಿಯ ಯಾನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಜರ್ಮನಿಯ ಕೊಲೋನ್‌ವರೆಗೆ ನದಿಯ ದಾರಿ ಸುಮಾರು 520 ಕಿಲೋಮೀಟರ್. ಬಾಸೆಲ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. 1815ರಲ್ಲಿ ಅಲ್ಲಿ ಸ್ಥಾಪನೆಯಾದ ಮಿಷನ್ ಸಂಸ್ಥೆಯ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1894ರಲ್ಲಿ ಪ್ರಕಟವಾದ ಕನ್ನಡ ನಿಘಂಟನ್ನು ನಮಗಿತ್ತ ಕಿಟ್ಟೆಲ್ ಅವರೂ ಆ ಸಂಸ್ಥೆಯವರೇ. ಅವರು ಆ ನದೀತೀರದ ಊರನ್ನು ಬಿಟ್ಟು ಹೊರಟಾಗ ಹಿಂದಿರುಗುವ ಟಿಕೆಟು ಯಾರ ಕೈಯಲ್ಲೂ ಇರಲಿಲ್ಲ. ಇಂದು ನಾವು ಅದೇ ಊರಿನಲ್ಲಿ ಹಡಗು ಹತ್ತುವಾಗ ಎಲ್ಲವೂ ಮೊದಲೇ ನಿಗದಿಯಾಗಿರುತ್ತದೆ: ಮಲಗುವ ಕೋಣೆ, ಊಟದ ಮೇಜು, ಪ್ರತಿ ಊರಿನಲ್ಲಿ ಇಳಿಯುವ ಹೊತ್ತು. ಪಯಣವೆಂಬ ಮಾತು ಒಂದೇ ಆದರೂ ಪಯಣಿಗನ ಮನಸ್ಸು ಎಷ್ಟು ಬೇರೆಯಾಗಬಲ್ಲದು ನೋಡಿ!

ಇನ್ನು ಸಂತೆಗಳ ವಿಚಾರ. ಡ್ರೆಸ್ಡೆನ್ ನಗರದ ಸಂತೆ 1434ರಲ್ಲಿ ಆರಂಭವಾದಾಗ ಅದು ಕ್ರಿಸ್‌ಮಸ್ಸಿಗೆ ಮುಂಚಿನ ಒಂದೇ ದಿನದ ಸಂತೆಯಾಗಿತ್ತು. ಉಪವಾಸದ ದಿನಗಳು ಮುಗಿದ ಮೇಲೆ ಹಬ್ಬದ ಅಡುಗೆಗೆ ಬೇಕಾದ ಮಾಂಸವನ್ನು ಜನ ಅಲ್ಲಿ ಕೊಳ್ಳುತ್ತಿದ್ದರು. ರೈನ್ ತೀರದ ಸ್ಟ್ರಾಸ್‌ಬರ್ಗಿನಲ್ಲಿ ಸಂತ ನಿಕೋಲಾಸರ ಹೆಸರಿನ ಸಂತೆಯೊಂದಿತ್ತು. ಆ ನಗರ ಪ್ರಾಟೆಸ್ಟೆಂಟ್ ಸುಧಾರಣೆಯನ್ನು ಒಪ್ಪಿಕೊಂಡ ಬಳಿಕ, 1570ರಲ್ಲಿ, ಸಂತರ ಹೆಸರನ್ನು ಕೈಬಿಟ್ಟು ಅದನ್ನು ಬಾಲಯೇಸುವಿನ ಸಂತೆಯಾಗಿ ಮಾರ್ಪಡಿಸಲಾಯಿತು. ಹೆಸರು ಬದಲಾಯಿತು, ವ್ಯಾಪಾರ ಮುಂದುವರಿಯಿತು. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಹಬ್ಬವಿದ್ದಲ್ಲಿ ಸಂತೆ ಇರುತ್ತದೆ. ನಮ್ಮ ಪುಣ್ಯಕ್ಷೇತ್ರಗಳ ಹಬ್ಬಗಳಲ್ಲಿ ಮೇಣದಬತ್ತಿಯ ಅಂಗಡಿಯ ಪಕ್ಕದಲ್ಲೇ ಬಳೆ, ಬತ್ತಾಸುಗಳ ಅಂಗಡಿಗಳೂ ಇರುತ್ತವಲ್ಲವೇ? ಸಂತೆಯನ್ನು ಶಪಿಸುವುದು ಸುಲಭ. ಸಂತೆಯಲ್ಲಿ ನಿಂತಾಗ ನಮ್ಮ ಮನಸ್ಸು ಎಲ್ಲಿರುತ್ತದೆ ಎಂಬುದನ್ನು ನೋಡಿಕೊಳ್ಳುವುದು ಕಷ್ಟ.

ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು. ಕೊಲೋನ್ ಮಹಾದೇವಾಲಯದ ಮಗ್ಗುಲಲ್ಲಿ ನಡೆಯುವ ಸಂತೆ ಈಚಿನ ವರ್ಷಗಳಲ್ಲಿ ಆಗಮನ ಕಾಲಕ್ಕೂ ಮೊದಲೇ, ನವೆಂಬರ್ ನಡುವಿನಲ್ಲಿ ತೆರೆದು, ಡಿಸೆಂಬರ್ 23ಕ್ಕೆ ಮುಚ್ಚುತ್ತದೆ. ಅಂದರೆ ಹಬ್ಬ ಹೊಸ್ತಿಲಿಗೆ ಬಂದಾಗ ಸಂತೆ ಅಂಗಡಿ ಕಟ್ಟುತ್ತದೆ. ಕಾದಿರಬೇಕಾದ ದಿನಗಳನ್ನೆಲ್ಲ ಹಬ್ಬವಾಗಿ ಮಾರಿ, ಹಬ್ಬದ ದಿನವನ್ನು ಬರಿದಾಗಿ ಬಿಡುವ ಅಪಾಯ ಇಲ್ಲಿದೆ. ಇದು ಕೊಲೋನ್ ಒಂದರ ಕಥೆಯಲ್ಲ. ನಕ್ಷತ್ರ ಕಟ್ಟುವ, ಕೇಕ್ ಹಂಚುವ, ಬಟ್ಟೆ ಕೊಳ್ಳುವ ಗಡಿಬಿಡಿಯಲ್ಲಿ ಇಪ್ಪತ್ತೈದನೆಯ ತಾರೀಕಿಗೇ ದಣಿದು ಮಲಗುವ ಮನೆಗಳು ನಮ್ಮಲ್ಲೂ ಇಲ್ಲವೇ?

ಈಗ ಹಣದ ಪ್ರಶ್ನೆಗೆ ಬರೋಣ. ಆ ದುಡ್ಡನ್ನು ಬಡವರಿಗೆ ಕೊಡಬಹುದಿತ್ತಲ್ಲ ಎಂಬ ಮಾತು ಬಹಳ ಹಳೆಯದು. ಬೆಥಾನಿಯ ಮನೆಯಲ್ಲಿ ಬೆಲೆಬಾಳುವ ಸುಗಂಧತೈಲವನ್ನು ಯೇಸುವಿನ ಪಾದಗಳಿಗೆ ಸುರಿದ ಮರಿಯಳಿಗೂ ಈ ಮಾತೇ ಎದುರಾಯಿತು. ಯೇಸು ಆಕೆಯ ಪರ ನಿಂತರು. ಆದುದರಿಂದ ಎಲ್ಲ ದುಂದೂ ಪಾಪವೆಂದು ನಾವು ಹೇಳಲಾರೆವು. ಆದರೆ ಪ್ರವಾಸ ಹೊರಟವರು ಈ ಪ್ರಸಂಗವನ್ನು ತಮ್ಮ ಸಮರ್ಥನೆಗೆಂದು ಅವಸರದಲ್ಲಿ ಬಳಸುವಂತೆಯೂ ಇಲ್ಲ. ಮರಿಯಳು ತೈಲವನ್ನು ಸುರಿದದ್ದು ಬೇರೊಬ್ಬರ ಪಾದಗಳಿಗೆ, ತನ್ನ ತಲೆಗಲ್ಲ.

ಟೀಕಿಸುವವರೂ ತಮ್ಮನ್ನು ಕೇಳಿಕೊಳ್ಳಬೇಕು. ಪ್ರವಾಸಕ್ಕೆ ಹೋಗದೆ ಉಳಿಸಿದ ಹಣ ನಿಜವಾಗಿ ಬಡವರ ಕೈ ಸೇರುತ್ತದೆಯೇ? ಬಹುಪಾಲು ಅದು ಮತ್ತೊಂದು ನಿವೇಶನವಾಗುತ್ತದೆ, ಮತ್ತೊಂದು ಎಳೆ ಚಿನ್ನವಾಗುತ್ತದೆ, ಮದುವೆಯ ಮಂಟಪವಾಗುತ್ತದೆ. ಅವುಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ವೃದ್ಧ ದಂಪತಿಗಳು ಒಮ್ಮೆ ಕೈಹಿಡಿದುಕೊಂಡು ಹೊಳೆಯ ದಂಡೆಯಲ್ಲಿ ದೀಪ ನೋಡಿದರೆ ಮಾತ್ರ ನಮ್ಮ ನ್ಯಾಯಬುದ್ಧಿ ಎಚ್ಚರಗೊಳ್ಳುತ್ತದೆ. ಇದು ನ್ಯಾಯವಲ್ಲ.

ಹಾಗಾದರೆ ಅಳತೆಗೋಲು ಯಾವುದು? ನನಗೆ ತೋರುವುದಿಷ್ಟು: ನಮ್ಮದೆಂದು ನಾವು ವ್ಯಯಿಸುವ ಹಣದಲ್ಲಿ ಪರರ ಪಾಲು ಉಳಿದಿರಬಾರದು. ಮನೆಗೆಲಸದವಳಿಗೆ ನ್ಯಾಯವಾದ ಸಂಬಳ ಸಂದಿದೆಯೇ? ಸಾಲ ತೀರಿದೆಯೇ? ವಯಸ್ಸಾದ ಅತ್ತೆಯ ಔಷಧಿಗೆ, ಕಷ್ಟದಲ್ಲಿರುವ ತಮ್ಮನ ಮಗಳ ಓದಿಗೆ ಕೊಡುತ್ತೇನೆಂದದ್ದು ಕೊಟ್ಟಾಗಿದೆಯೇ? ಇವೆಲ್ಲ ಸಂದ ಮೇಲೆ ಉಳಿದದ್ದರಲ್ಲಿ ಕಾಣುವ ಸಂತೋಷವನ್ನು ದೇವರ ವರವೆಂದು ಕೃತಜ್ಞತೆಯಿಂದ ಸ್ವೀಕರಿಸಬಹುದು. ಇವು ಸಲ್ಲದೆ ಹೋದರೆ ನಮ್ಮ ಹಡಗು ತೇಲುವುದು ಇನ್ನೊಬ್ಬರ ಬೆವರಿನ ಮೇಲೆ.

ಹಣಕ್ಕಿಂತಲೂ ಸೂಕ್ಷ್ಮವಾದದ್ದು ಸಮಯ. ಮನೆಯಲ್ಲಿ ಒಬ್ಬರೇ ಇರುವ ತಾಯಿಗೆ ಕ್ರಿಸ್‌ಮಸ್ ರಾತ್ರಿಯ ಪೂಜೆಗೆ ಕೈಹಿಡಿದು ಕರೆದೊಯ್ಯುವವರು ಬೇಕು. ಇಂತಹ ಯಾನಗಳು ಆಗಮನ ಕಾಲದ ಮೊದಲ ವಾರಗಳಲ್ಲೂ ಹೊರಡುತ್ತವೆ. ಆ ದಿನಗಳನ್ನು ಆರಿಸಿಕೊಂಡರೆ ಹಬ್ಬಕ್ಕೆ ಮನೆ ಸೇರಬಹುದು. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು; 2024ರ ಜೂನ್‌ನಿಂದ ವಯಸ್ಕರಿಗೆ ಅದರ ಶುಲ್ಕ 90 ಯೂರೋ; ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯೂ ಇರಬೇಕು. ಇದಕ್ಕೆಲ್ಲ ನಾವು ಪಟ್ಟಿ ಮಾಡುತ್ತೇವೆ, ಒಂದೊಂದನ್ನೂ ಗುರುತು ಹಾಕುತ್ತೇವೆ. ಅದೇ ಪಟ್ಟಿಯಲ್ಲಿ ನಾವಿಲ್ಲದಾಗ ಮನೆಯಲ್ಲಿ ಉಳಿಯುವವರ ಹೆಸರಿಗೂ ಒಂದು ಸಾಲು ಇರಲಿ.

ಎಷ್ಟೇ ಪಟ್ಟಿ ಮಾಡಿದರೂ ನದಿ ನಮ್ಮ ಮಾತು ಕೇಳುವುದಿಲ್ಲ. ಬಾಸೆಲ್‌ನಿಂದ ಕೆಳಗೆ ಇಫೆಟ್ಸ್‌ಹೈಮ್‌ವರೆಗೆ ಅಣೆಕಟ್ಟುಗಳೂ ಹಡಗುಗಳನ್ನು ಮೇಲೆ ಕೆಳಗೆ ದಾಟಿಸುವ ಲಾಕ್‌ಗಳೂ ಇವೆ. ಅಲ್ಲಿಂದ ಮುಂದೆ ಜರ್ಮನಿಯುದ್ದಕ್ಕೂ ರೈನ್ ಅಡೆತಡೆಯಿಲ್ಲದೆ ಹರಿಯುತ್ತದೆ. ಹಡಗಿನ ಗತಿ ಮಳೆ ಹಿಮಗಳ ಕೈಯಲ್ಲಿರುತ್ತದೆ. 2018ರ ಶರತ್ಕಾಲದಲ್ಲೂ 2022ರ ಬೇಸಿಗೆಯಲ್ಲೂ ಕೌಬ್ ಎಂಬಲ್ಲಿ ನೀರು ಇಳಿದು ಹಡಗುಗಳು ತೊಂದರೆಗೊಳಗಾದವು. ಪ್ರವಾಹ ಬಂದರೂ ಸಂಚಾರ ನಿಲ್ಲುತ್ತದೆ. ಅಂತಹ ವೇಳೆ ಪ್ರಯಾಣಿಕರನ್ನು ಬಸ್ಸುಗಳಲ್ಲಿ ಸಾಗಿಸುವುದುಂಟು. ಆಗ ಕೆಲವರು ಸಿಟ್ಟಾಗುತ್ತಾರೆ, ಕೆಲವರು ಪಕ್ಕದವರೊಡನೆ ಮಾತಿಗೆ ಕೂರುತ್ತಾರೆ. ಯೋಜನೆ ಎಂದರೆ ನಾವು ಗೊತ್ತುಮಾಡಿದ್ದೇ ನಡೆಯಬೇಕೆಂಬ ಬಯಕೆ. ಆಗಮನ ಕಾಲ ನಮಗೆ ಕಲಿಸುವುದು ಬರುವುದನ್ನು ಎದುರುಗೊಳ್ಳುವ ಸಿದ್ಧತೆಯನ್ನು. ಎರಡೂ ಬೇಕು. ಮೊದಲನೆಯದು ಕೈಕೊಟ್ಟಾಗ ಎರಡನೆಯದು ನಮ್ಮಲ್ಲಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ.

ದಾರಿಯಲ್ಲಿ ಕಾಣಬೇಕಾದವರೂ ಇದ್ದಾರೆ. ನಮಗೆ ಬಡಿಸುವ, ಹಾಸಿಗೆ ಸರಿಪಡಿಸುವ ನೌಕರರಲ್ಲಿ ಅನೇಕರು ತಮ್ಮ ಮಕ್ಕಳನ್ನು ದೂರದ ದೇಶಗಳಲ್ಲಿ ಬಿಟ್ಟು ಬಂದವರು. ಅವರ ಹೆಸರು ಕೇಳಿ, ಊರು ಕೇಳಿ. ಸ್ಟ್ರಾಸ್‌ಬರ್ಗಿನ ದೀಪಗಳ ನಡುವೆ ನಡೆಯುವಾಗ, 2018ರ ಡಿಸೆಂಬರ್ 11ರಂದು ಅಲ್ಲಿ ನಡೆದ ದಾಳಿಯಲ್ಲಿ ಐವರು ಪ್ರಾಣ ಕಳೆದುಕೊಂಡುದನ್ನು ನೆನೆದು ಅವರಿಗಾಗಿ ಒಂದು ಕ್ಷಣ ಪ್ರಾರ್ಥಿಸಿ. ಇದಕ್ಕೆ ಹಣ ಬೇಡ, ಗಮನವಿದ್ದರೆ ಸಾಕು.

ಕೊನೆಯಲ್ಲಿ ಕೊಲೋನ್ ತಲುಪಿದಾಗ ಸಂತೆಯಿಂದ ಕೆಲವು ಹೆಜ್ಜೆ ಮಹಾದೇವಾಲಯದೊಳಕ್ಕೆ ಇಡಿ. ಅಲ್ಲಿ ಬಲಿಪೀಠದ ಹಿಂದೆ ಚಿನ್ನದ ದೊಡ್ಡ ಪೆಟ್ಟಿಗೆಯೊಂದಿದೆ. ಮೂರು ರಾಯರ ಅವಶೇಷಗಳೆಂದು ಭಕ್ತರು ಗೌರವಿಸುವ ಅಸ್ಥಿಗಳನ್ನು 1164ರಲ್ಲಿ ಮಿಲಾನಿನಿಂದ ಆ ಊರಿಗೆ ತರಲಾಯಿತು. 1248ರಲ್ಲಿ ಅಡಿಗಲ್ಲು ಹಾಕಿದ ಈಗಿನ ದೇವಾಲಯದ ಕಟ್ಟಡ ಪೂರ್ಣಗೊಂಡದ್ದು 1880ರಲ್ಲಿ. ಕ್ರಿಸ್ತಜಯಂತಿಗಾಗಿ ದೂರದೇಶದಿಂದ ಪಯಣ ಹೊರಟವರಲ್ಲಿ ಅವರೇ ಮೊದಲಿಗರು. ಅವರದೂ ದುಬಾರಿ ಪ್ರಯಾಣವೇ. ಆದರೆ ಚಿನ್ನ, ಧೂಪ, ರಕ್ತಬೋಳಗಳನ್ನು ಅವರು ಹೊತ್ತು ತಂದು ಗೋದಲಿಯ ಮುಂದೆ ಇಟ್ಟರು. ಹಿಂದಿರುಗುವಾಗ ಅವರ ಕೈ ಬರಿದಾಗಿತ್ತು. ಸಂತೆಯಿಂದ ಮರಳುವ ನಮ್ಮ ಕೈ ತುಂಬಿರುತ್ತದೆ.

ಆದುದರಿಂದ ಪ್ರಿಯರೇ, ಹೋಗುವಿರಾದರೆ ನೆಮ್ಮದಿಯಿಂದ ಹೋಗಿಬನ್ನಿ. ಹೋಗಲಾಗದವರು ಏನನ್ನೋ ಕಳೆದುಕೊಂಡೆವೆಂದು ಕೊರಗಬೇಡಿ. ಗೋದಲಿ ನಿಮ್ಮ ಧರ್ಮಕೇಂದ್ರದಲ್ಲೂ ಇದೆ. ಹೊರಡುವವರು ಮಾತ್ರ ಹೊರಡುವ ಮುನ್ನ ಒಂದು ಸಂಜೆ, ಕುಟುಂಬ ಪ್ರಾರ್ಥನೆಯ ಬಳಿಕ, ಮನೆಯವರೆಲ್ಲ ಕುಳಿತು ಇಷ್ಟನ್ನು ಮಾತಾಡಿಕೊಳ್ಳಲಿ: ಈ ಪಯಣದಲ್ಲಿ ನಾವು ಕೊಳ್ಳುವುದು ಏನೇನು ಎಂಬುದು ತಿಳಿದಿದೆ, ಯಾರಿಗೆ ಏನನ್ನು ಕೊಟ್ಟುಬರುತ್ತೇವೆ?