ಇಂದಿನ ಧಮ್ಮ ಚಿಂತನೆ: ಗಾಯ ಮುಚ್ಚುವುದು



ನೊಗ ಉಜ್ಜಿ ಎತ್ತಿನ ಹೆಗಲು ಹುಣ್ಣಾದರೆ ಕಾಗೆ ಬಂದು ಕುಕ್ಕುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆಫ್ರಿಕಾದಲ್ಲಿ ಆಕ್ಸ್‌ಪೆಕರ್ ಎಂಬ ಹಕ್ಕಿಯಿದೆ. ದನಗಳ ಮೈಮೇಲಿನ ಉಣ್ಣಿ ತಿಂದು ಉಪಕಾರ ಮಾಡುತ್ತದೆಂದು ಅದಕ್ಕೆ ಹೆಸರು. ಪಾಲ್ ವೀಕ್ಸ್ ಎಂಬ ವಿಜ್ಞಾನಿ ಜಿಂಬಾಬ್ವೆಯ ಎತ್ತುಗಳಲ್ಲಿ ಇದನ್ನು ಪರೀಕ್ಷಿಸಿ 2000ರಲ್ಲಿ ಪ್ರಕಟಿಸಿದರು. ಹಕ್ಕಿಗಳನ್ನು ದೂರವಿಟ್ಟಾಗ ಬಲಿತ ಉಣ್ಣಿ ಹೆಚ್ಚಲಿಲ್ಲ. ಗಾಯಗಳು ಮಾತ್ರ ಬೇಗ ಮಾಗಿದವು. ಹಕ್ಕಿ ರಕ್ತಕ್ಕಾಗಿ ಕುಕ್ಕಿ ಕುಕ್ಕಿ ಗಾಯವನ್ನು ಹಸಿಯಾಗಿಯೇ ಇಡುತ್ತಿತ್ತು. ಹಿಂದಿನಿಂದ ಬಂದ ಮಾತೆಂದು ನಂಬಬೇಡಿ, ನೀವೇ ನೋಡಿ ತಿಳಿಯಿರಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ತಿಳಿಸಿದ್ದೂ ಇದಕ್ಕೇ.

ಮಜ್ಝಿಮ ನಿಕಾಯದ ಮಹಾಗೋಪಾಲಕ ಸುತ್ತದಲ್ಲಿ ಒಳ್ಳೆಯ ದನಗಾಹಿಗೆ 11 ಗುಣಗಳಿವೆ. ಅವುಗಳಲ್ಲೊಂದು ಗಾಯ ಮುಚ್ಚುವುದು. ಭಿಕ್ಖುವಿಗೆ ಅದರ ಅರ್ಥ ಕಣ್ಣು, ಕಿವಿ, ಮೂಗು, ನಾಲಿಗೆ, ಮೈ, ಮನಸ್ಸು ಎಂಬ ಆರು ಬಾಗಿಲು ಕಾಯುವುದು.

ಜಾತಿಯ ಅವಮಾನ ನಮ್ಮ ಹೆಗಲ ಹುಣ್ಣು. ನಿಮ್ಮ ಒಳ್ಳೆಯದಕ್ಕೇ ಎನ್ನುತ್ತಾ ಅದರ ಮೇಲೆ ಕೂತು ಹೊಟ್ಟೆ ತುಂಬಿಸಿಕೊಳ್ಳುವವರಿದ್ದಾರೆ. ರಾತ್ರಿ ನಿದ್ದೆಗೆಟ್ಟು ನಮ್ಮ ಮನಸ್ಸೂ ಅದನ್ನೇ ಕುಕ್ಕುತ್ತದೆ. ಮರೆತುಬಿಡಿ ಎಂದು ನಾನು ಹೇಳುತ್ತಿಲ್ಲ. ಮುಚ್ಚುವುದೆಂದರೆ ಬಚ್ಚಿಡುವುದಲ್ಲ, ತೊಳೆದು, ಮದ್ದು ಹಚ್ಚಿ, ಕಟ್ಟುವುದು. ನೊಗ ಹಾಗೇ ಇದ್ದರೆ ಹುಣ್ಣು ಮತ್ತೆ ಬರುತ್ತದೆ. ಆದ್ದರಿಂದ ದೂರು ಕೊಡೋಣ, ಕಾನೂನಿನ ದಾರಿ ಹಿಡಿಯೋಣ, ಸಂಘಟಿತರಾಗೋಣ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನೊಗವನ್ನೇ ಕಳಚಿಟ್ಟರು.

ಇಂದು ಹಳೆಯ ನೋವು ನೆನಪಾದರೆ ಒಂದು ಉಸಿರು ನಿಂತು ಕೇಳಿಕೊಳ್ಳೋಣ: ನಾನೀಗ ಮದ್ದು ಹಚ್ಚುತ್ತಿದ್ದೇನೆಯೇ, ಕುಕ್ಕುತ್ತಿದ್ದೇನೆಯೇ?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 💙