ಕೈಮಾತಿಗೆ ಅಂಕ ಹಾಕುವವರು ಯಾರು?

ಕಿವಿ ಕೇಳದ ಮಗುವಿನ ಬಗ್ಗೆ ನಮ್ಮ ಆಲ್ದೂರಿನ ಕಡೆ ಒಂದು ಮಾತು ಸಲೀಸಾಗಿ ಬರುತ್ತದೆ: ‘ಅದಕ್ಕೇನೂ ಗೊತ್ತಾಗಲ್ಲ ಬಿಡಿ.’ ಕಾಫಿ ತೋಟದ ಲೈನ್ ಮನೆಯಲ್ಲಿ ಅದೇ ಮಗು ಅವ್ವನ ಕೈಸನ್ನೆ ನೋಡಿ ನೀರು ತರುತ್ತದೆ. ಹಣ್ಣು ಯಾವುದು, ಕಾಯಿ ಯಾವುದು ತೋರಿಸುತ್ತದೆ. ರೈಟರು ಬಂದರು ಅಂತ ಸನ್ನೆಯಲ್ಲೇ ಎಚ್ಚರಿಸುತ್ತದೆ. ಹಾಗಾದರೆ ಗೊತ್ತಾಗದೆ ಇರುವುದು ಯಾರಿಗೆ?

ತಿಳಿವಳಿಕೆ ಅಳೆಯುವುದು ಬರೀ ಅಂಕದ ಕೆಲಸವಲ್ಲ, ನ್ಯಾಯದ ಪ್ರಶ್ನೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಶಾಲೆಗೆ ಬಾಯಿಮಾತೇ ಸಾಕು, ಸಂಜ್ಞೆ ಬೇಡ ಎಂದು ತೀರ್ಮಾನಿಸಿತು. ತೀರ್ಮಾನಿಸಿದವರು ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ! ಅದಕ್ಕೆ ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ. ಕೇರಿಯ ಮಾತು ಅಶುದ್ಧ ಎಂದು ಅನ್ನಿಸಿಕೊಂಡೇ ಅಕ್ಷರ ಕಲಿತ ನಮಗೆ ಈ ಯಜಮಾನಿಕೆ ಹೊಸದಲ್ಲ.

ಬೇರೆ ದಾರಿಯೂ ಇದೆ. 1999ರಲ್ಲಿ ಬ್ರಿಟನ್ನಿನಲ್ಲಿ 3ರಿಂದ 11 ವರ್ಷದ ಮಕ್ಕಳಿಗೆ ಒಂದು ಪರೀಕ್ಷೆ ಸಿದ್ಧವಾಯಿತು. ಮಗು ಸಂಜ್ಞೆಯ ವಾಕ್ಯ ನೋಡಿ ಸರಿಯಾದ ಚಿತ್ರ ಮುಟ್ಟಿ ತೋರಿಸಬೇಕು. ಬಾಯಿ ಬಿಡುವ ಬಲವಂತವಿಲ್ಲ. ಅದಕ್ಕೂ ಮೊದಲು ಪರೀಕ್ಷಕರು ‘ಇದಕ್ಕೆ ನಿನ್ನ ಸಂಜ್ಞೆ ಏನು?’ ಎಂದು ವಿಚಾರಿಸುತ್ತಾರೆ. ಯಾಕೆಂದರೆ ಸಂಜ್ಞೆಯೂ ಸೀಮೆಯಿಂದ ಸೀಮೆಗೆ ಬೇರೆ. ಆ ಮೊದಲ ಪ್ರಶ್ನೆಯಲ್ಲಿ ಮಗುವಿನ ಮೇಲೆ ಗೌರವವಿದೆ.

ಹಾಗಂತ ಮನೆಸನ್ನೆಯೇ ಸಾಕು ಎಂದು ನಾವು ಕೈಕಟ್ಟಿ ಕೂರುವಂತಿಲ್ಲ. ನೀರು, ಅನ್ನ, ರೈಟರು ಇಷ್ಟಕ್ಕೆ ಅದು ಸಾಕಾದೀತು. ‘ನಿನ್ನೆ ಯಾಕೆ ಕೂಲಿ ಕೊಡಲಿಲ್ಲ?’ ಎಂದು ಕೇಳಲು ಪೂರ್ತಿ ಭಾಷೆಯೇ ಬೇಕು. ಭಾಷೆಗೆ ಜೊತೆಯವರು ಬೇಕು. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡರು ಬಹಳ ಮಂದಿ. ಊರಿಗೇ ಒಂದು ಸಂಜ್ಞಾಭಾಷೆ ಬೆಳೆದಿದೆ, ಕಿವಿ ಕೇಳುವವರೂ ಅದನ್ನಾಡುತ್ತಾರೆ. ತೋಟದ ಲೈನಿನ ಒಂಟಿ ಮಗುವಿಗೆ ಆ ಊರು ಎಲ್ಲಿಂದ ಬರಬೇಕು? ಎಳೆಯ ವರ್ಷಗಳು ಹೋದರೆ ಭಾಷೆ ಕೈಗೆ ಸಿಗುವುದು ಕಷ್ಟ. ಆದ್ದರಿಂದ ಬೇಗ ಅಳೆಯಲೇಬೇಕು. ಆದರೆ ಕಡಿಮೆ ಅಂಕ ಬಂದರೆ ಅದು ಮಗುವಿನ ದಡ್ಡತನದ ಲೆಕ್ಕವಲ್ಲ, ನಾವು ಕೊಡದೆ ಉಳಿಸಿಕೊಂಡ ಭಾಷೆಯ ಬಾಕಿ.

ಸಂಜ್ಞಾಭಾಷೆ ಬಲ್ಲ ಶಿಕ್ಷಕರನ್ನು, ಅಂಗವಿಕಲ ಶಿಕ್ಷಕರನ್ನೂ ಸೇರಿಸಿ, ನೇಮಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಮೇಷ್ಟ್ರೇ, ಗೆಳೆಯರೇ, ಈ ಕಾಯ್ದೆ ಘಟ್ಟ ಹತ್ತಿ ಅಂಗನವಾಡಿಯ ಬಾಗಿಲಿಗೆ ಬರಲಿ ಎಂದು ನಾವು ಕೇಳೋಣ. ಪರೀಕ್ಷಕರ ಜಾಗದಲ್ಲಿ ಕಿವುಡರೇ ಕೂರಲಿ. ಮೊದಲು ಭಾಷೆ ಕೊಡೋಣ, ಆಮೇಲೆ ಅಂಕ.