ಮುಯ್ಯಿ ಇಲ್ಲದ ಉಪಕಾರ

ಚಳಿಗೆ ನಡುಗುತ್ತಿರುವ ನಾರ್ವೆಯ ಮಕ್ಕಳಿಗೆ ಹೀಟರ್ ಕಳಿಸಿಕೊಡಿ ಎಂದು ಆಫ್ರಿಕಾದ ತರುಣ ತರುಣಿಯರು ಹಾಡುತ್ತಾರೆ. ಮುಖದಲ್ಲಿ ಕರುಣೆ, ದನಿಯಲ್ಲಿ ಕಳಕಳಿ. 2012ರಲ್ಲಿ ನಾರ್ವೆಯ ವಿದ್ಯಾರ್ಥಿಗಳ ನೆರವು ಸಂಸ್ಥೆ ಎಸ್‌ಎಐಎಚ್ ಹೊರತಂದ ಈ ಅಣಕು ವಿಡಿಯೊ ನೋಡಿ ಜಗತ್ತಿನಾದ್ಯಂತ ಜನ ನಕ್ಕರು. 1984ರ ಇಥಿಯೋಪಿಯಾ ಬರಗಾಲದಿಂದೀಚೆಗೆ ಯುರೋಪಿನ ಟಿವಿಗಳಲ್ಲಿ ಬಂದ ಸಹಾಯಾರ್ಥ ಹಾಡುಗಳ ಧಾಟಿಯೇ ಅದು. ಕೊಡುವವರು ಮತ್ತು ಪಡೆಯುವವರು ಮಾತ್ರ ಅದಲುಬದಲಾಗಿದ್ದರು.

ನಗು ಬಂದದ್ದೇಕೆ? ನಾರ್ವೆಯಲ್ಲಿ ಚಳಿ ಇರುವುದು ಸುಳ್ಳಲ್ಲ. ಆಫ್ರಿಕಾದವರು ಯುರೋಪಿನವರಿಗೆ ಕೊಡಬಲ್ಲರು ಎಂಬ ಮಾತೇ ನೋಡುಗರಿಗೆ ತಮಾಷೆಯಾಗಿ ಕಂಡಿತು. ಆ ತಮಾಷೆಯ ತಳದಲ್ಲಿ ಧರ್ಮವೂ ತತ್ತ್ವಶಾಸ್ತ್ರವೂ ಬಹುಕಾಲದಿಂದ ಮಗುಚಿ ಮಗುಚಿ ನೋಡಿರುವ ಪ್ರಶ್ನೆಯೊಂದಿದೆ: ಹಿಂತಿರುಗಿಸಲು ದಾರಿಯೇ ಇಲ್ಲದವನಿಗೆ ಕೊಟ್ಟರೆ ಅದು ಅವನಿಗೆ ಮಾಡಿದ ಉಪಕಾರವೋ, ಅವನನ್ನು ಶಾಶ್ವತವಾಗಿ ಕೆಳಗಿನ ಮೆಟ್ಟಿಲಲ್ಲಿ ಕೂರಿಸುವ ಉಪಾಯವೋ?

ಭಗವದ್ಗೀತೆಯ 17ನೇ ಅಧ್ಯಾಯ ಹಿಂಜರಿಯದೆ ಉತ್ತರಿಸುತ್ತದೆ. ಮರಳಿ ಏನೂ ಮಾಡಲಾರದವನಿಗೆ, ಕೊಡುವುದು ಕರ್ತವ್ಯವೆಂದಷ್ಟೇ ತಿಳಿದು, ದೇಶ ಕಾಲ ಪಾತ್ರ ನೋಡಿ ಕೊಟ್ಟದ್ದು ಸಾತ್ವಿಕ. ಪ್ರತ್ಯುಪಕಾರದ ಆಸೆಯಿಂದ ಕೊಟ್ಟದ್ದು ರಾಜಸ. ತಿರಸ್ಕಾರದಿಂದ ಕೊಟ್ಟದ್ದು ತಾಮಸ. ಮತ್ತಾಯನ ಸುವಾರ್ತೆಯೂ ಡಂಗುರ ಸಾರದೆ ಗುಟ್ಟಾಗಿ ಕೊಡಬೇಕೆಂದೇ ಬೋಧಿಸುತ್ತದೆ. ಎರಡು ಕಡೆಯೂ ಪರೀಕ್ಷೆಗೆ ಒಳಗಾಗುವುದು ಕೊಡುವವನ ಮನಸ್ಸು. ಪಡೆದವನ ಮನೆಯೊಳಗೆ ಆಮೇಲೆ ಏನಾಯಿತು ಎಂದು ಕೇಳಿದವರು ಕಡಿಮೆ.

ಆ ಮನೆಯೊಳಗೆ ಇಣುಕಿದವರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮಾಸ್ ಒಬ್ಬರು. ಕಾಣಿಕೆಯ ಕುರಿತು 1925ರ ಸುಮಾರಿಗೆ ಪ್ರಕಟವಾದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಅವರು ಮಹಾಭಾರತದ ಅನುಶಾಸನ ಪರ್ವವನ್ನೂ ಕೆದಕಿ ನೋಡಿದ್ದಾರೆ. ಕೊಟ್ಟದ್ದು ಪಡೆದವನ ತಲೆಯ ಮೇಲೆ ಋಣವಾಗಿ ಕೂರುತ್ತದೆ, ತೀರಿಸಲಾಗದವನು ಕೊಟ್ಟವನ ಕೈಕೆಳಗಾಗುತ್ತಾನೆ ಎಂಬುದು ಅವರ ವಾದದ ಸಾರ. ಇಂಗ್ಲಿಷಿನಲ್ಲಿ ಕಾಣಿಕೆ ಎನಿಸುವ ‘ಗಿಫ್ಟ್’ ಜರ್ಮನ್ನಿನಲ್ಲಿ ವಿಷ ಎಂಬುದೂ ಮಾಸ್ ಕಣ್ಣಿಗೆ ಬಿದ್ದಿತ್ತು.

ಕನ್ನಡದ ‘ಮುಯ್ಯಿ’ಗೂ ಹೀಗೆಯೇ ಎರಡು ಮುಖ. ಮದುವೆಮನೆಯಲ್ಲಿ ಯಾರು ಎಷ್ಟು ಹಾಕಿದರೆಂದು ಬರೆದಿಟ್ಟುಕೊಂಡು, ಅವರ ಮನೆಯ ಮದುವೆಯಲ್ಲಿ ತೀರಿಸುವುದು ಮುಯ್ಯಿ. ನಾಟಿಯ ಹೊತ್ತಿಗೆ ಕೂಲಿ ಇಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ಇಳಿಯುವುದು ಮುಯ್ಯಾಳು. ಸೇಡು ತೀರಿಸಿಕೊಳ್ಳುವುದಕ್ಕೂ ಅದೇ ಮಾತು. ಘಾನಾದ ಅಕಾನ್ ಜನರ ಹಳ್ಳಿಗಳಲ್ಲಿ ಮುಯ್ಯಾಳಿಗೆ ‘ನೊಬೊವಾ’ ಎನ್ನುತ್ತಾರೆ. ಇವತ್ತು ನನ್ನ ಕೋಕೊ ತೋಟದ ಕಳೆ, ನಾಳೆ ನಿನ್ನದು. ಅಲ್ಲಿ ದಾನಿ ಎಂಬ ಪಾತ್ರವೇ ಇಲ್ಲ.

ಯುರೋಪು ಮತ್ತು ಆಫ್ರಿಕಾ ನಡುವಿನ ಸ್ವಯಂಸೇವೆಯನ್ನು ಈ ಎರಡು ಅಳತೆಗೋಲುಗಳಿಂದ, ಎಂದರೆ ದಾನದಿಂದಲೂ ಮುಯ್ಯಿಯಿಂದಲೂ, ಅಳೆದು ನೋಡಬಹುದು. ಮಂಗಳೂರಿನವರಿಗೆ ಪರಿಚಿತವಾದ ಹೆಸರಿನಿಂದಲೇ ಆರಂಭಿಸಬಹುದು.

1828ರ ಕೊನೆಯಲ್ಲಿ ಬಾಸೆಲ್ ಮಿಷನ್ನಿನ ನಾಲ್ವರು ತರುಣರು ಗೋಲ್ಡ್ ಕೋಸ್ಟ್‌ನಲ್ಲಿ, ಅಂದರೆ ಇಂದಿನ ಘಾನಾದ ಕರಾವಳಿಯಲ್ಲಿ, ಹಡಗಿನಿಂದ ಇಳಿದರು. ವರ್ಷ ತುಂಬುವುದರೊಳಗೆ ಮೂವರು ಸತ್ತರು. 1831ರಲ್ಲಿ ನಾಲ್ಕನೆಯವನೂ ಹೋದ. ಮರುವರ್ಷ ಬಂದ ಆಂಡ್ರಿಯಾಸ್ ರೀಸ್ ಕೂಡ ಜ್ವರಕ್ಕೆ ಸಿಕ್ಕಿ ಸಾಯುವಂತಾದಾಗ ಅವನನ್ನು ಉಳಿಸಿದ್ದು ಆ ಊರಿನ ನಾಟಿವೈದ್ಯ. ಯುರೋಪಿನಿಂದ ಜನರನ್ನು ಕರೆತಂದರೆ ಉಳಿಯುವುದಿಲ್ಲ ಎಂದಾದಾಗ ಮಿಷನ್ 1843ರಲ್ಲಿ ಜಮೈಕಾ ಮತ್ತು ಆಂಟಿಗುವಾದಿಂದ ಕಪ್ಪುಜನರ ಕ್ರೈಸ್ತ ಕುಟುಂಬಗಳನ್ನು ಅಕ್ರೊಪಾಂಗ್ ಊರಿಗೆ ಕರೆತಂದಿತು. ಗುಲಾಮರಾಗಿ ಸಾಗಿಸಲ್ಪಟ್ಟವರ ಸಂತತಿ ಹೀಗೆ ಪೂರ್ವಜರ ಖಂಡಕ್ಕೆ ಮರಳಿ, ಅಲ್ಲಿ ಮಿಷನ್ನಿನ ಬೇರು ಹಿಡಿಸಿತು. ಕಲಿಸಲು ಬಂದ ಸಂಸ್ಥೆ ಆರಂಭದಲ್ಲೇ ಪಡೆಯುವವರ ಸಾಲಿನಲ್ಲಿ ನಿಂತಿತ್ತು.

1853ರಲ್ಲಿ ಅದೇ ಮಿಷನ್ ಇಬ್ಬರು ಭಾಷಾಪ್ರಿಯರನ್ನು ಎರಡು ದಿಕ್ಕಿಗೆ ಕಳಿಸಿತು. ಫರ್ಡಿನೆಂಡ್ ಕಿಟ್ಟೆಲ್ ಬಂದದ್ದು ಇತ್ತ. ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಯೋಹಾನ್ ಗಾಟ್ಲೀಬ್ ಕ್ರಿಸ್ಟಾಲರ್ ಹೋದದ್ದು ಅತ್ತ, ಗೋಲ್ಡ್ ಕೋಸ್ಟ್‌ಗೆ. ಅಲ್ಲಿನ ಟ್ವಿ ಭಾಷೆಯ ಅವರ ವ್ಯಾಕರಣ 1875ರಲ್ಲಿ, ನಿಘಂಟು 1881ರಲ್ಲಿ ಬಂದವು. ಎದುರು ದಿಕ್ಕಿನ ಪಯಣವೂ ನಡೆದಿತ್ತು. ಮಂಗಳೂರಿನ ಆನಂದರಾವ್ ಕೌಂಡಿನ್ಯ 1846ರಲ್ಲಿ ಬಾಸೆಲ್‌ಗೆ ಓದಲು ಹೋಗಿ 1851ರಲ್ಲಿ ಮರಳಿದರು. ಅಕ್ರೊಪಾಂಗ್‌ನ ಡೇವಿಡ್ ಅಸಾಂಟೆ 1857ರಿಂದ 1862ರವರೆಗೆ ಅಲ್ಲೇ ಕಲಿತರು. ಕ್ರಿಸ್ಟಾಲರ್ ಹೆಸರಿನ ಬರಹಗಳ ಹಿಂದೆ ಅಸಾಂಟೆಯಂಥವರ ಕಿವಿ, ನಾಲಿಗೆ, ದುಡಿಮೆ ಇವೆ. ಕಿಟ್ಟೆಲರ ಪ್ರತಿಮೆಯನ್ನು ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ನೋಡಿದ ಕನ್ನಡಿಗರಿಗೆ, ಅವರಿಗೆ ಪದ ಹೇಳಿಕೊಟ್ಟ ಪಂಡಿತರ ಹೆಸರು ಕೇಳಿದರೆ ಎಷ್ಟು ನೆನಪಾದೀತು?

ಕೊಟ್ಟು ಪಡೆಯುವ ಈ ಲೆಕ್ಕ ತಪ್ಪಿದೆ ಎಂದು ಮನಸಾರೆ ಒಪ್ಪಿಕೊಂಡ ಯುರೋಪಿಯನ್ನರೂ ಇದ್ದರು. ಆಲ್ಬರ್ಟ್ ಶ್ವೈಟ್ಸರ್ ದೇವಶಾಸ್ತ್ರಜ್ಞ, ಆರ್ಗನ್ ವಾದಕ. ಮೂವತ್ತು ವರ್ಷವಾದ ಮೇಲೆ ವೈದ್ಯಕೀಯ ಓದಲು ಕುಳಿತು, 1913ರಲ್ಲಿ ಗಾಬೊನ್‌ನ ಲಂಬರೇನೆಗೆ ಹೋಗಿ ಆಸ್ಪತ್ರೆ ಕಟ್ಟಿದವರು. ಲೂಕನ ಸುವಾರ್ತೆಯ ಧನಿಕ ಮತ್ತು ಅವನ ಬಾಗಿಲಲ್ಲಿ ಬಿದ್ದ ಲಾಜರನ ಕಥೆಯಲ್ಲಿ ಅವರು ಯುರೋಪನ್ನೂ ಆಫ್ರಿಕಾವನ್ನೂ ಕಂಡರು. ಬಿಳಿಯರು ಮಾಡಿದ ಅನ್ಯಾಯ ಅಷ್ಟಿರುವಾಗ ತಾನು ಮಾಡುತ್ತಿರುವುದು ಪುಣ್ಯದ ಕೆಲಸವಲ್ಲ, ಪ್ರಾಯಶ್ಚಿತ್ತ ಎಂದು ಬಗೆದರು. ಜೀವಕ್ಕೆ ತಲೆಬಾಗುವುದೇ ನೀತಿಯ ಬುಡ ಎಂಬ ಅವರ ತತ್ತ್ವ ಮೂಡಿದ್ದು 1915ರಲ್ಲಿ, ಒಗೊವೆ ನದಿಯ ಮೇಲೆ ದೋಣಿಯಲ್ಲಿ ಸಾಗುತ್ತಿದ್ದಾಗ. ಇಷ್ಟಾದರೂ ಆಫ್ರಿಕಾದವರ ಜೊತೆ ತಮ್ಮ ಸಂಬಂಧವನ್ನು ಅವರು ಹೋಲಿಸಿದ್ದು ತಮ್ಮನ ಮೇಲೆ ಅಧಿಕಾರವಿರುವ ಅಣ್ಣನಿಗೆ. 1975ರ ತಮ್ಮ ಪ್ರಖ್ಯಾತ ಉಪನ್ಯಾಸದಲ್ಲಿ ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚಿಬೆ ಈ ಅಣ್ಣತನವನ್ನೇ ಎತ್ತಿ ತೋರಿಸಿದರು. ಸಾಲ ತೀರಿಸಲು ಬಂದವನು ಹಿರಿಯನ ಕುರ್ಚಿ ಕೇಳಿದಂತಾಯಿತು.

ನಮ್ಮ ಕಾಲಕ್ಕೆ ಬರೋಣ. 2008ರಲ್ಲಿ ಜರ್ಮನಿಯ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಚಿವಾಲಯ ‘ವೆಲ್ಟ್‌ವೆರ್ಟ್ಸ್’ ಎಂಬ ಯೋಜನೆ ಆರಂಭಿಸಿತು. ‘ಜಗತ್ತಿನ ಕಡೆಗೆ’ ಎಂಬ ಅರ್ಥ ಕೊಡುವ ಹೆಸರು. 18ರಿಂದ 28 ವರ್ಷದ ಯುವಜನರು ಸರ್ಕಾರದ ನೆರವಿನಿಂದ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ದೇಶಗಳಿಗೆ ಹೋಗಿ ಶಾಲೆಯಲ್ಲೋ ಶಿಶುವಿಹಾರದಲ್ಲೋ ಪರಿಸರ ಕೇಂದ್ರದಲ್ಲೋ ದುಡಿದು ಬರುವ ಏರ್ಪಾಡು. ಘಾನಾಕ್ಕೂ ಹೋಗುತ್ತಾರೆ. ಹೆಚ್ಚಿನವರು ಆಗಷ್ಟೇ ಹೈಸ್ಕೂಲು ಮುಗಿಸಿದವರು.

ಅಲ್ಲಿಗೆ ಹೋದ ಹುಡುಗಿಗೆ ಮೊದಲು ಸಿಗುವುದು ಹೆಸರು. ಶುಕ್ರವಾರ ಹುಟ್ಟಿದ್ದರೆ ಅವಳು ಅಫುವಾ, ಶನಿವಾರವಾದರೆ ಅಮಾ. ಮಕ್ಕಳು ಬೀದಿಯಲ್ಲಿ ‘ಒಬ್ರೋನಿ’ ಎಂದು ಕೂಗುತ್ತಾರೆ. ಹೊರಗಿನವಳು, ಬಿಳಿಯಳು ಎಂದು ಅರ್ಥ. ಎಡಗೈಯಲ್ಲಿ ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು ಎಂಬುದು ಮೊದಲ ಪಾಠಗಳಲ್ಲೊಂದು. ಕನ್ನಡದ ಮನೆಗಳಲ್ಲಿ ಅಜ್ಜಿಯರು ಮಕ್ಕಳ ಕೈಗೆ ತಟ್ಟಿ ಕಲಿಸುವುದೂ ಇದನ್ನೇ. ಬಟ್ಟೆ ಕೈಯಲ್ಲಿ ಒಗೆಯುವುದು, ಕಿಕ್ಕಿರಿದ ಟ್ರೋಟ್ರೋ ವ್ಯಾನಿನಲ್ಲಿ ಜಾಗ ಹಿಡಿಯುವುದು, ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವುದು, ಹಿರಿಯರಿಗೆ ವಂದಿಸಿದ ಮೇಲೆಯೇ ಮಾತು ತೆಗೆಯುವುದು, ಎಲ್ಲವನ್ನೂ ಊರೇ ಹೇಳಿಕೊಡುತ್ತದೆ. ಅಲ್ಲಿ ಶಿಷ್ಯೆ ಯಾರು, ಗುರು ಯಾರು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಕಾಗದದ ಮೇಲೆ ನೆರವು ಕೊಡಲು ಬಂದವಳು ಅವಳೇ.

ತರಗತಿಯೊಳಗೆ ಈ ವಿರೋಧಾಭಾಸ ಚುಚ್ಚತೊಡಗುತ್ತದೆ. ಜರ್ಮನಿಯಲ್ಲಿ ಶಿಕ್ಷಕರಾಗಬೇಕಾದರೆ ವಿಶ್ವವಿದ್ಯಾಲಯದ ಓದು, ಅದರ ಮೇಲೆ ತರಬೇತಿ, ಪರೀಕ್ಷೆ. ಹತ್ತೊಂಬತ್ತರ ಹುಡುಗಿಯ ಕೈಗೆ ಅಲ್ಲಿ ಯಾರೂ ಒಂದು ತರಗತಿಯನ್ನು ಒಪ್ಪಿಸುವುದಿಲ್ಲ. ಘಾನಾದಲ್ಲೂ ಶಿಕ್ಷಕರ ಕಾಲೇಜುಗಳಿವೆ, ಅಲ್ಲಿ ಓದಿ ಬಂದ ಮೇಷ್ಟ್ರುಗಳಿದ್ದಾರೆ. ತನ್ನ ದೇಶದಲ್ಲಿ ಮಾಡಲು ಅರ್ಹತೆಯಿಲ್ಲದ ಕೆಲಸಕ್ಕೆ ಇನ್ನೊಂದು ದೇಶದಲ್ಲಿ ಅರ್ಹತೆ ಹೇಗೆ ಬಂತು? ಪ್ರಾಮಾಣಿಕ ಸ್ವಯಂಸೇವಕರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿದ್ದಾರೆ. ಯೋಜನೆ ಆರಂಭವಾದ ಕಾಲದಲ್ಲೇ ಜರ್ಮನ್ ಪತ್ರಿಕೆಗಳೂ ಕೇಳಿದ್ದವು. ಪ್ರತಿಯೊಬ್ಬರೂ ಕನಿಷ್ಠ 25 ದಿನ ಶಿಬಿರಗಳಲ್ಲಿ ಕೂತು ವಸಾಹತುಶಾಹಿ, ವರ್ಣಭೇದ, ತಮ್ಮದೇ ನೋಟದ ಕುರುಡುತಾಣಗಳನ್ನು ಚರ್ಚಿಸಬೇಕೆಂಬ ನಿಯಮ ಯೋಜನೆಯಲ್ಲಿದೆ. ಇವರು ಪರಿಣತರಲ್ಲ, ಕಲಿಯುವವರು ಎಂದು ಯೋಜನೆಯವರೇ ಹೇಳುತ್ತಾರೆ.

ಹೇಳದೇ ಇರುವವರ ಕಥೆ ಬೇರೆ. ಹಣ ಕಟ್ಟಿ ಎರಡು ವಾರಕ್ಕೆ ಹೋಗಿ ಅನಾಥಾಲಯದ ಮಕ್ಕಳ ಜೊತೆ ಆಡಿ ಬರುವ ಪ್ರವಾಸವೇ ಒಂದು ವ್ಯಾಪಾರವಾಗಿದೆ. ಲೋಕದ ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ಬಹುಪಾಲಿನವರಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಎಂದು ಮಕ್ಕಳ ಹಕ್ಕುಗಳ ಸಂಸ್ಥೆಗಳು ಎಚ್ಚರಿಸುತ್ತಲೇ ಬಂದಿವೆ. ಘಾನಾ ಸರ್ಕಾರವೂ ಇದನ್ನು ಕಂಡುಕೊಂಡು, ಮಕ್ಕಳನ್ನು ಕುಟುಂಬಗಳಿಗೆ ಮರಳಿಸುವ ಸುಧಾರಣೆಗೆ ಕೈಹಾಕಿತು. ನೋಡಲು ಬರುವವರಿದ್ದಾರೆ, ಅವರು ಹಣ ತರುತ್ತಾರೆ. ಹಾಗಾಗಿ ಮಕ್ಕಳನ್ನು ಕೂಡಿಹಾಕುವವರೂ ಹುಟ್ಟಿಕೊಳ್ಳುತ್ತಾರೆ. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮಕ್ಕಳ ಹಕ್ಕುಗಳ ಕುರಿತ ನಿರ್ಣಯದಲ್ಲಿ ಅನಾಥಾಲಯ ಸ್ವಯಂಸೇವೆಯ ಅಪಾಯವನ್ನು ಹೆಸರಿಟ್ಟು ಹೇಳಿತು. ಗೀತೆ ಹೇಳುವ ದೇಶ ಕಾಲ ಪಾತ್ರದ ವಿವೇಚನೆ ಇಲ್ಲಿ ಪುರಾಣದ ಮಾತಾಗಿ ಉಳಿಯುವುದಿಲ್ಲ. ಅದು ತಪ್ಪಿದ ಕಡೆ ತಾಯಿಯ ಮಡಿಲಿನಿಂದ ಮಗು ದೂರವಾಗುತ್ತದೆ.

ಹಾಗಾದರೆ ಹೋಗುವುದೇ ಬೇಡವೇ? ಕ್ಯಾಥೊಲಿಕ್ ಪಾದ್ರಿ, ಚಿಂತಕ ಇವಾನ್ ಇಲಿಚ್ 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೊಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಮುಖಕ್ಕೇ ಬೇಡ ಎಂದರು. ನೋಡಲು, ಕಲಿಯಲು, ಬೆಟ್ಟ ಹತ್ತಲು ಬನ್ನಿ, ಉದ್ಧಾರಕ್ಕೆ ಮಾತ್ರ ಬರಬೇಡಿ ಎಂಬುದು ಅವರ ಭಾಷಣದ ತಿರುಳು. ಆಫ್ರಿಕಾಕ್ಕೆ ಹೊರಟವರ ಶಿಬಿರಗಳಲ್ಲೂ ಆ ಭಾಷಣವನ್ನು ಓದಿಸುವುದುಂಟು. ಓದಿದ ಮೇಲೆಯೂ ಬಹುತೇಕರು ವಿಮಾನ ಹತ್ತುತ್ತಾರೆ.

ಬೇಡ ಎನ್ನುವ ಹಕ್ಕು ಪಡೆಯುವವರಿಗೂ ಇರಬೇಕು. 1920ರಲ್ಲಿ ಸ್ವಿಟ್ಜರ್ಲೆಂಡಿನ ಶಾಂತಿವಾದಿ ಪಿಯೆರ್ ಸೆರೆಸೋಲ್ ಜರ್ಮನರನ್ನೂ ಸೇರಿಸಿದ ಪುಟ್ಟ ತಂಡ ಕಟ್ಟಿಕೊಂಡು, ಫ್ರಾನ್ಸಿನ ವರ್ಡನ್ ಬಳಿ ಯುದ್ಧದಲ್ಲಿ ನೆಲಸಮವಾಗಿದ್ದ ಹಳ್ಳಿಯೊಂದನ್ನು ಮತ್ತೆ ಕಟ್ಟಲು ಇಳಿದರು. ಕೆಲವು ತಿಂಗಳಲ್ಲಿ ಹಳ್ಳಿಯ ಕಡೆಯಿಂದ, ಜರ್ಮನರ ನೆರವು ಬೇಡ ಎಂಬ ಮಾತು ಬಂತು. ತಂಡ ಹೊರಟುಹೋಯಿತು. ಆ ಸೋಲಿನಿಂದ ಬೆಳೆದದ್ದೇ ಸರ್ವೀಸ್ ಸಿವಿಲ್ ಇಂಟರ್‌ನ್ಯಾಷನಲ್ ಸಂಸ್ಥೆ. 1934ರ ಬಿಹಾರದ ಭೂಕಂಪದ ಬಳಿಕ ಸೆರೆಸೋಲ್ ಅಲ್ಲಿಗೂ ದುಡಿಯಲು ಬಂದರು. ಯುರೋಪಿನ ಹಳ್ಳಿ ಬೇಡ ಎಂದರೆ ಅದನ್ನು ಸ್ವಾಭಿಮಾನವೆಂದು ಗೌರವಿಸಿದವರು, ಘಾನಾದ ಶಾಲೆಯೊಂದು ಈ ವರ್ಷ ನಮಗೆ ಯಾರೂ ಬೇಡ ಎಂದರೂ ಅಷ್ಟೇ ಗೌರವಿಸುತ್ತಾರೆಯೇ?

ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಹೆಂಗಸಿನ ಪ್ರಸಂಗವಿದೆ. ಯೇಸು ಬಾಯಾರಿ ಬಾವಿಕಟ್ಟೆಯ ಮೇಲೆ ಕೂತಿದ್ದಾನೆ. ಯೆಹೂದ್ಯರು ದೂರವಿಡುವ ಜನಾಂಗದವಳು ನೀರು ಸೇದಲು ಬರುತ್ತಾಳೆ. ಆತ ಉಪದೇಶದಿಂದ ಆರಂಭಿಸುವುದಿಲ್ಲ, ಕುಡಿಯಲು ನೀರು ಕೇಳುತ್ತಾನೆ. ಕೊಡುವವಳ ಸ್ಥಾನದಲ್ಲಿ ಅವಳನ್ನು ನಿಲ್ಲಿಸಿದ ಮೇಲೆಯೇ ಮುಂದಿನ ಮಾತು. ಸೇವೆಗೆಂದು ಹೊರಡುವ ಚರ್ಚುಗಳು ಲೂಕನ ದಯಾಳು ಸಮಾರ್ಯದವನನ್ನು ನೆನೆದಷ್ಟು ಈ ಸಮಾರ್ಯದವಳನ್ನು ನೆನೆದಿಲ್ಲ.

ಕೇಳುವುದನ್ನು ನಿಯಮವಾಗಿಸಿದ ದೇಶವೂ ಇದೆ. ನಾರ್ವೆ ಸರ್ಕಾರದ ಫ್ರೆಡ್ಸ್‌ಕೋರ್ಪ್‌ಸೆಟ್ 1963ರಿಂದ ತನ್ನ ಯುವಕರನ್ನು ಹೊರಗೆ ಕಳಿಸುತ್ತಿತ್ತು. 2000ದಲ್ಲಿ ಅದನ್ನು ಹೊಸದಾಗಿ ಕಟ್ಟಿದಾಗ ಏಕಮುಖ ಸಂಚಾರ ನಿಲ್ಲಿಸಿ ಪರಸ್ಪರ ವಿನಿಮಯವನ್ನೇ ತಳಹದಿಯಾಗಿಸಿದರು. ದಕ್ಷಿಣದ ದೇಶಗಳು ತಮ್ಮತಮ್ಮಲ್ಲೇ ಜನರನ್ನು ಕಳಿಸಿಕೊಳ್ಳಲೂ ಅವಕಾಶವಾಯಿತು. ಜರ್ಮನಿಯೂ 2013ರಲ್ಲಿ ವೆಲ್ಟ್‌ವೆರ್ಟ್ಸ್‌ಗೆ ಎದುರುದಾರಿ ತೆರೆಯಿತು. ಘಾನಾದ, ಟಾಂಜಾನಿಯಾದ ಯುವಜನರು ಈಗ ಜರ್ಮನಿಯ ಶಿಶುವಿಹಾರಗಳಲ್ಲಿ, ಅಂಗವಿಕಲರ ಕೇಂದ್ರಗಳಲ್ಲಿ ಒಂದು ವರ್ಷ ದುಡಿಯುತ್ತಾರೆ. ವಯಸ್ಸಾದವರನ್ನು ಮನೆಯವರಿಂದ ದೂರ ಇರಿಸಿರುವುದು ಕಂಡು ಬೆರಗಾಗುವುದು, ಒಂಟಿತನ ಬಡತನಕ್ಕಿಂತ ಬೇರೆಯಾದ ಕೊರತೆ ಎಂದು ತಿಳಿಯುವುದು ಈಗ ಅವರ ಸರದಿ. 2012ರ ವಿಡಿಯೊದ ಹೀಟರ್ ಅಲ್ಲಿ ನಿಜವಾಗಿ ಕೈ ಬದಲಾಗುತ್ತದೆ.

ಆದರೆ ಎರಡು ದಾರಿಗಳ ಅಗಲ ಒಂದೇ ಅಲ್ಲ. ಬರುವವರ ಸಂಖ್ಯೆ ಹೋಗುವವರ ಸಂಖ್ಯೆಯ ಸಮಕ್ಕೆ ಇನ್ನೂ ಬಂದಿಲ್ಲ. ಜರ್ಮನಿಯ ಹುಡುಗಿಗೆ ಘಾನಾದ ವೀಸಾ ಬಹುಮಟ್ಟಿಗೆ ಅರ್ಜಿ, ಶುಲ್ಕ, ಮುದ್ರೆಯ ವಿಷಯ. ಅಕ್ರಾದ ಹುಡುಗ ಜರ್ಮನ್ ದೂತಾವಾಸದ ಮುಂದೆ, ವರ್ಷ ಮುಗಿದ ಮೇಲೆ ತಾನು ಊರಿಗೆ ಮರಳಿಯೇ ಮರಳುತ್ತೇನೆ ಎಂದು ಅಧಿಕಾರಿಯನ್ನು ನಂಬಿಸಬೇಕು. ನಂಬಿಕೆ ಬರದಿದ್ದರೆ ಆಹ್ವಾನಪತ್ರ, ಆಯ್ಕೆ, ತಿಂಗಳುಗಟ್ಟಲೆ ಕಲಿತ ಜರ್ಮನ್ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ.

ಯುರೋಪಿನ ಸರ್ಕಾರಗಳು ಇದನ್ನು ವಿನಿಮಯ ಎಂದು ಕರೆಯುವುದಾದರೆ ಮಾಡಬೇಕಾದ ಕೆಲಸ ಸರಳ: ಒಬ್ಬಳನ್ನು ಕಳಿಸುವ ಹಣ ಮಂಜೂರಾದ ದಿನವೇ ಅಲ್ಲಿಂದ ಒಬ್ಬನನ್ನು ಕರೆಸುವ ಹಣವೂ ವೀಸಾವೂ ಮಂಜೂರಾಗಲಿ. ಯಾವ ಶಾಲೆಗೆ ಯಾರು ಬರಬೇಕು, ಬರಬಾರದು ಎಂಬ ತೀರ್ಮಾನ ಅಕ್ರೊಪಾಂಗ್‌ನ ಹೆಡ್‌ಮಾಸ್ತರರ ಕೈಯಲ್ಲಿರಲಿ.